ಮೂಸಿದ ಅನಂತದ ಹೂವು

ಮದುವೆಯಾಗಿ ಧಾರವಾಡದಿಂದ ಪುಣೆಗೆ ಬಂದಾಗ ನನಗೆ ಮರಾಠಿಯಲ್ಲಿ ಬರುತ್ತಿದ್ದುದು ಹೌದು ಎನ್ನಲು ‘ಹೋ’, ಇಲ್ಲ ಎನ್ನಲು ‘ನಾಹೀ’, ಎರಡೇ. ಅವನ್ನೂ ಅದಲುಬದಲು ಮಾಡಿ ನಗೆಪಾಟಲಾಗುತ್ತಿದ್ದೆ. ಯಜಮಾನರು ಉಂಡು ಕಚೇರಿಗೆ ಹೋದರೆ ಮರಳುವುದು ದೀಪ ಹಚ್ಚುವ ಹೊತ್ತಿಗೆ. ಅಲ್ಲಿಯವರೆಗೆ ಆ ದೊಡ್ಡ ವಾಡೆಯ ಬಾಡಿಗೆ ಕೋಣೆಯಲ್ಲಿ ನಾನು ಪಾತ್ರೆಗಳ ಜೊತೆ ಕನ್ನಡ ಮಾತಾಡುತ್ತಿದ್ದೆ. ಅವಕ್ಕೂ ಬೇಸರ ಬಂದಿರಬೇಕು.

ಅಂಗಳದ ಬಾವಿಯ ಪಕ್ಕ ಬಿಳಿ ಹೂವಿನ ಒಂದು ಅನಂತದ ಗಿಡವಿತ್ತು. ಅದರ ಮೂಲ ಸಮುದ್ರದಾಚೆಯ ಯಾವುದೋ ದ್ವೀಪದ ಕಾಡು ಎಂದು ಯಜಮಾನರು ಹೇಳಿದ್ದರು. ಅಷ್ಟು ದೂರದಿಂದ ಬಂದೂ, ವರ್ಷವಿಡೀ ಎಲೆ ಉದುರಿಸದೆ ಹಸಿರಾಗಿ ನಿಂತ ಅದನ್ನು ಕಂಡರೆ ನನಗೆ ಹೊಟ್ಟೆಕಿಚ್ಚು.

ಗಿಡಕ್ಕೆ ನೀರು ಹಾಕುತ್ತಿದ್ದವರು ಮನೆಯೊಡೆಯರ ಚಿಕ್ಕಮ್ಮ. ಬೋಳುತಲೆಯ ಮೇಲೆ ಕೆಂಪು ಸೀರೆಯ ಸೆರಗು ಹೊದ್ದ ವಿಧವೆ. ಎಲ್ಲರೂ ಕಾಕೂ ಎನ್ನುತ್ತಿದ್ದರು. ಹೂವೆಲ್ಲ ದೇವರಿಗೇ ಮೀಸಲು.

ಒಂದು ಬೆಳಿಗ್ಗೆ ಮೇಲಿನ ಕೊಂಬೆ ಅವರಿಗೆ ಎಟುಕದೆ ನನ್ನನ್ನು ಸನ್ನೆ ಮಾಡಿ ಕರೆದರು. ಹೂವು ಕಿತ್ತೆ. ಅಷ್ಟೊಂದು ಪರಿಮಳ, ಕೈ ತಾನಾಗಿಯೇ ಮೂಗಿಗೆ ಹೋಯಿತು.

“ಅಯ್ಯ ನಿನ್ನ! ಮೂಸಿದ ಹೂವು ದೇವರಿಗೆ ಹ್ಯಾಂಗ ಏರಸ್ಲಿ? ಇಷ್ಟೂ ತಿಳಿಯೂದಿಲ್ಲೇನ ನಿನಗ?”

ಬೈಗುಳ ಯಾರಿಗೆ ಬೇಕು! ನನಗೆ ಕೇಳಿಸಿದ್ದು ಕನ್ನಡ.

“ನಿಮ್ಮ ತವರುಮನಿ ಎಲ್ಲೆದರೀ?”

“ಬೆಳಗಾವಿ” ಎಂದವರೇ ನಾಲಿಗೆ ಕಚ್ಚಿಕೊಂಡು ಒಳಗೆ ಹೋದರು. ಸಂಜೆ ನಾನಾಗಿ ಮಾತಾಡಿಸಿದರೆ ಮತ್ತೆ ಬರೀ ಮರಾಠಿ. ಆ ಮನೆಯಲ್ಲಿ ಅವರ ಕನ್ನಡ ಸಿಟ್ಟು ಬಂದಾಗ ಮಾತ್ರ ಬಾಯಿ ತಪ್ಪಿ ಹೊರಬೀಳುತ್ತದೆಂದು ನನಗೆ ಹೊಳೆಯಿತು.

ನಾನೂ ಹಟಮಾರಿ. ಮರುದಿನ ಅವರ ಕಣ್ಣೆದುರಿಗೇ ಒಂದು ಹೂವು ಕಿತ್ತು ಮೂಸಿದೆ.

“ಮತ್ತ ಮೂಸಿದೇನ, ಖೋಡಿ! ತಗೊ, ಮುಡ್ಕೊ. ದೇವರಿಗಂತೂ ನಡೆಯೂದಿಲ್ಲ.”

ಅಂದಿನಿಂದ ಅದೇ ನಮ್ಮ ಮಾತುಕತೆ. ದಿನಕ್ಕೊಂದು ಹೂವು, ಹೊಟ್ಟೆ ತುಂಬ ಬೈಗುಳ. ನಮ್ಮಜ್ಜಿಯ ಬಾಯಲ್ಲಷ್ಟೇ ಕೇಳಿದ್ದ ಮಾತುಗಳನ್ನು ಹುಡುಕಿ ಹುಡುಕಿ ಬೈಯುತ್ತಿದ್ದರು. ನಾನು ಬೇಕೆಂದೇ ಮೂಸುತ್ತೇನೆಂದು ಅವರಿಗೆ ಗೊತ್ತಿತ್ತು. ಒಂದು ದಿನ ನನಗೆ ನೆಗಡಿಯಾಗಿ ಮೂಸದೆ ಬುಟ್ಟಿಗೆ ಹಾಕಿದರೆ, ಅದನ್ನೇ ತೆಗೆದು ನನ್ನ ಮೂಗಿಗೆ ಹಿಡಿದು, ಆಮೇಲೆ ಬೈದರು. ಬೈದು ಹೇಳಿದವರು ಬದುಕಲು ಹೇಳಿದರು ಎನ್ನುತ್ತಾರಲ್ಲ, ನಾನು ಬದುಕಿದ್ದು ಹಾಗೆ.

ಮುಂದಿನ ಮಳೆಗಾಲ ಹಿಡಿಯುವ ಮೊದಲೇ ಕಾಕೂ ಜ್ವರದಲ್ಲಿ ತೀರಿಕೊಂಡರು. ಸೂತಕ ಕಳೆದ ಮೇಲೆ ಮನೆಯ ಸೊಸೆ ದೇವರಿಗೆ ಹೂವು ಕೀಳಲು ಬಂದರು. ನಾನು ಒಂದನ್ನು ಕಿತ್ತು, ಅವರು ನೋಡುವಂತೆಯೇ ಮೂಗಿಗೆ ಹಿಡಿದೆ.

“ಅಸೂ ದೇ” ಎಂದು ಅವರು ನಕ್ಕರು. ಇರಲಿ ಬಿಡು ಎಂದು. ಆ ಹೂವನ್ನು ತಾವೇ ನನ್ನ ಹೆರಳಿಗೆ ಸಿಕ್ಕಿಸಿದರು. ತುಂಬ ಒಳ್ಳೆಯ ಹೆಂಗಸು.

ನಾನು ಬಾವಿಕಟ್ಟೆಯ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಆ ಊರಿನಲ್ಲಿ ನನ್ನನ್ನು ಬೈಯುವವರು ಇನ್ನು ಯಾರೂ ಇರಲಿಲ್ಲ.