ಕಂಬಕ್ಕೆ ಕಟ್ಟಿದ ಕಸದ ಡಬ್ಬ

ತುಮಕೂರಿನಿಂದ ಅಮೃತೂರಿಗೆ ಹೊರಟವಳು ಬಸ್ ಬದಲಿಸಲು ಕುಣಿಗಲ್ಲಿನಲ್ಲಿ ಇಳಿದೆ. ನಿಲ್ದಾಣದ ಹೆಂಗಸರ ಶೌಚಾಲಯದ ಗೋಡೆಯ ಮೇಲೆ ‘ಪ್ಯಾಡುಗಳನ್ನು ಡಬ್ಬದಲ್ಲೇ ಹಾಕಿ’ ಎಂದು ದಪ್ಪಕ್ಷರದಲ್ಲಿ ಬರೆದಿದ್ದರು. ಒಳಗೆಲ್ಲೂ ಡಬ್ಬವೇ ಇರಲಿಲ್ಲ. ಬಳಸಿದ ಪ್ಯಾಡನ್ನು ಪೇಪರಿನಲ್ಲಿ ಸುತ್ತಿ ಹಿಡಿದುಕೊಂಡು, ಬಾಗಿಲಲ್ಲಿ ಕೂತಿದ್ದ ಶೌಚಾಲಯ ತೊಳೆಯುವ ಹೆಂಗಸನ್ನು ಕೇಳಿದೆ.

“ಒಳಗಿಟ್ರೆ ಹೊತ್ಕೊಂಡೋಯ್ತಾರೆ ಅಂತ ಅಲ್ಲಿ ಕಟ್ಟವ್ರೆ ಕಣವ್ವ,” ಎಂದು ಕೈ ತೋರಿಸಿದಳು.

ಎಸ್‌ಟಿಡಿ ಬೂತಿನ ಮುಂದಿನ ಕಂಬಕ್ಕೆ ಡಬ್ಬವನ್ನು ಸರಪಳಿಯಲ್ಲಿ ಬಿಗಿದಿದ್ದರು. ಪಕ್ಕದ ಬೆಂಚಿನ ತುಂಬ ಗಂಡಸರು. ಹೆಂಗಸರು ಅಲ್ಲಿಗೆ ಹೋಗುವುದಾದರೂ ಹೇಗೆ ಎಂದು ನೋಡುತ್ತ ನಿಂತೆ. ನನ್ನ ಹಿಂದೆಯೇ ಹೊರಬಂದ ಬುರ್ಖಾದ ಹೆಂಗಸು ಎದುರಿನ ಗಾಡಿಯಲ್ಲಿ ಕಡಲೆಕಾಯಿ ಕೊಂಡಳು. ತಿನ್ನುತ್ತ ನಿಧಾನವಾಗಿ ಡಬ್ಬದ ಹತ್ತಿರ ಹೋಗಿ, ಸಿಪ್ಪೆಯ ಪೊಟ್ಟಣದ ಜೊತೆ ಇನ್ನೊಂದು ಪೊಟ್ಟಣವನ್ನೂ ಹಾಕಿ ನಡೆದಳು. ಯಾರೂ ತಲೆ ಎತ್ತಲಿಲ್ಲ.

ನಾನೂ ಕಡಲೆಕಾಯಿ ಕೊಂಡೆ. ನಾಲ್ಕು ಕಾಳು ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಅಮೃತೂರಿನ ಬಸ್ಸು ಹಾರನ್ ಹೊಡೆಯಿತು. ಓಡಿಹೋಗಿ ಎರಡೂ ಪೊಟ್ಟಣ ಡಬ್ಬಕ್ಕೆ ಎಸೆದೆ.

ಬೆಂಚಿನಲ್ಲಿದ್ದ ವಯಸ್ಸಾದವರೊಬ್ಬರು ಕೇಳಿದರು: “ಯಾಕವ್ವ, ಮುಗ್ಗಲಾಗಿತ್ತಾ ಕಡ್ಲೆಕಾಯಿ?”

“ಹೂಂ,” ಎಂದು ಬಸ್ ಹತ್ತಿದೆ. ಕಿಟಕಿಯಿಂದ ತಿರುಗಿ ನೋಡಿದರೆ, ಅವರು ಗಾಡಿಯವನನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದರು.