ಗಿರಣಿಯ ಭೋಂಗಾ ನಿಂತ ಸಂಜೆ

ಐವತ್ತರ ದಶಕದ ನಡುವಿನ ಒಂದು ಬೇಸಿಗೆ ರಜೆಯಲ್ಲಿ, ವಿಶ್ರಾಂತಿ ಬೇಕೆಂದು ನಾನೂ ನನ್ನ ಹೆಂಡತಿಯೂ ಇಂಡಿ ಪಟ್ಟಣದ ಹಳೆಯ ಹತ್ತಿ ಗಿರಣಿಯ ಆವರಣದೊಳಗಿನ ಪುಟ್ಟ ಬಂಗಲೆಯನ್ನು ಹದಿನೈದು ದಿನಕ್ಕೆ ಹಿಡಿದೆವು. ಹಿಂದೆ ಗಿರಣಿಯ ಬಿಳಿಯ ಇಂಜಿನಿಯರನಿಗಾಗಿ ಕಟ್ಟಿಸಿದ ಮನೆ ಅದು. ಲಿಂಬೆ ತೋಟದ ತಂಪಿದೆ ಎಂದು ಗಿರಣಿಯ ಒಡೆಯರಾದ ಸಾಹುಕಾರರು ಬರೆದಿದ್ದರು. ತೋಟವೇನೋ ಇತ್ತು, ಮುಳ್ಳುತಂತಿಯ ಆಚೆಗೆ.

ತಗಡಿನ ಮಾಡು ಹಗಲೆಲ್ಲ ರೊಟ್ಟಿಯ ಹಂಚಿನಂತೆ ಕಾಯುತ್ತಿತ್ತು. ಸುಗ್ಗಿ ಮುಗಿದು ಗಿರಣಿ ನಿಂತಿದ್ದರೂ ಅರಳೆಯ ಎಳೆ ಹಾರಿ ಬಂದು ಸಾರಿನಲ್ಲಿ ಬೀಳುತ್ತಿತ್ತು. ಇದನ್ನೆಲ್ಲ ಸಹಿಸಬಹುದು. ಕೆಲಸದವರಿಗೆಂದು ಒಡಕು ಕಪ್ಪೊಂದನ್ನು ಹೊರಗಿನ ಗೂಡಿನಲ್ಲಿ ಬೇರೆಯಾಗಿ ಇಟ್ಟದ್ದನ್ನು ಸಹಿಸಲಾಗದು. ಅದನ್ನು ಎಸೆದು, ನಮ್ಮ ಕಪ್ಪುಗಳಲ್ಲೇ ಎಲ್ಲರಿಗೂ ಚಹಾ ಕೊಡತೊಡಗಿದೆವು.

ಆ ತಿಂಗಳು ರಮಜಾನ್. ಉಪವಾಸ ಬಿಡುವ ಹೊತ್ತಿಗೆ ಗಿರಣಿಯ ಭೋಂಗಾ, ಅಂದರೆ ಉಗಿಯ ಸಿಳ್ಳೆ, ಕೂಗಬೇಕೆಂಬುದು ಸಾಹುಕಾರರ ತಂದೆಯ ಕಾಲದಿಂದ ಬಂದ ವಾಡಿಕೆ. ಆ ಒಂದು ಕೂಗಿನ ಉಗಿಗಾಗಿ ಬಾಯ್ಲರ್ ನೋಡಿಕೊಳ್ಳುವ ಮುದುಕರೊಬ್ಬರು, ಸ್ವತಃ ಉಪವಾಸವಿದ್ದು, ಹನಿ ನೀರೂ ಇಲ್ಲದೆ, ಉರಿಬಿಸಿಲಿನಲ್ಲಿ ಬೆಂಕಿಗೆ ಕಟ್ಟಿಗೆ ಹಾಕುತ್ತಿದ್ದರು. ದುಡಿಮೆಯ ಘನತೆಯನ್ನು ಪಾಠವಾಗಿ ಹೇಳುವ ಶಾಲೆಯಲ್ಲಿ ಕಲಿತು, ಅಲ್ಲಿಯೇ ಕಲಿಸುತ್ತಿದ್ದ ನನಗೆ ಇದನ್ನು ನೋಡುತ್ತ ಕೂಡಲು ಆಗಲಿಲ್ಲ. ಇದು ಅಮಾನುಷ, ಕೂಡಲೇ ನಿಲ್ಲಿಸಬೇಕು ಎಂದು ಸಾಹುಕಾರರಿಗೆ ಎರಡು ಪುಟ ಬರೆದೆ.

ಬಾವಿಯ ರಾಟೆ ಮುರಿದಿದೆ ಎಂದು ನಾಲ್ಕು ದಿನಗಳ ಹಿಂದೆ ಬರೆದ ಚೀಟಿಗೆ ಇನ್ನೂ ಉತ್ತರ ಬಂದಿರಲಿಲ್ಲ. ಈ ಪತ್ರಕ್ಕೆ ಮರುದಿನ ಬೆಳಿಗ್ಗೆಯೇ ಒಪ್ಪಿಗೆ ಬಂತು. ಆ ಅವಸರಕ್ಕೆ ನಾನು ಅನುಮಾನಪಡಬೇಕಿತ್ತು, ಹೆಮ್ಮೆಪಟ್ಟೆ.

ಅಂದು ಸಂಜೆ, ಊರಿಗೆ ತಿಳಿಸದೆಯೇ, ಭೋಂಗಾ ನಿಂತಿತು. ಮಸೀದಿಯ ಕಟ್ಟೆಯ ಮೇಲೆ ಜನ ಖರ್ಜೂರ ಕೈಯಲ್ಲಿ ಹಿಡಿದು ಕೂತೇ ಇದ್ದರು. ಅಲ್ಲಿನ ಗಡಿಯಾರ ಕೆಟ್ಟು ವರ್ಷಗಳಾಗಿದ್ದವು. ಪ್ರಾರ್ಥನೆಗೆ ಕರೆಯುವ ಬಾಂಗು ಕೊಡುವವರೂ ಭೋಂಗಾಕ್ಕೇ ಕಾಯುತ್ತಿದ್ದರು. ಅದೇ ಕೂಗಿಗೆ ಕಂದೀಲು ಹಚ್ಚುವ ಎದುರಿನ ಲಿಂಗಾಯತ ಅಂಗಡಿಕಾರರೊಬ್ಬರು ಕತ್ತಲಲ್ಲಿ ಹೊರಬಂದು ನಿಂತರು. ಕಡೆಗೆ ಯಾರೋ ಆಕಾಶ ನೋಡಿ ಹೇಳಿದ ಮೇಲೆ ಬಾಂಗು ಆಯಿತು.

"ನೀವು ಬರದ ಕಾಗದ ಊರ ಮಂದೀನ ಇನ್ನಷ್ಟು ಉಪವಾಸ ಕೆಡವಿತು ನೋಡ್ರಿ," ಎಂದಳು ಹೆಂಡತಿ.

ಬೆಳಿಗ್ಗೆ ಮುದುಕರು ನಮ್ಮ ಮೆಟ್ಟಿಲ ಬಳಿ ಬಂದು ನಿಂತರು. ಬಾಯ್ಲರಿನ ಪಕ್ಕದ ಕೋಣೆಯಲ್ಲಿ ಅವರು ಮೂವತ್ತು ವರ್ಷ ಇದ್ದವರು. ಹಬ್ಬ ಮುಗಿದೊಡನೆ ಅದನ್ನು ಬಿಡಬೇಕೆಂದು, ಅಲ್ಲಿ ಹತ್ತಿಕಾಳು ತುಂಬುವುದಿದೆಯೆಂದು ಗಿರಣಿಯ ಗುಮಾಸ್ತ ಹೇಳಿ ಹೋಗಿದ್ದ. ಸುಗ್ಗಿ ಇಲ್ಲದ ದಿನಗಳಲ್ಲಿ ಅವರ ಕೆಲಸವೆಂದರೆ ಆ ಭೋಂಗಾ ಒಂದೇ. ಅದು ನಿಂತರೆ ಕೋಣೆಯೂ ಹೋಯಿತು.

"ಮಾಸ್ತರ, ನನ್ನ ಸಲುವಾಗಿ ಬರದ್ರಿ, ಖರೇ. ಬರಿಯೂ ಮುಂದ ನನ್ನ ಒಂದ್ ಮಾತು ಕೇಳಬೇಕಿತ್ತಲ್ರಿ."

"ತಪ್ಪಾತು, ಕಾಕಾ," ಎಂದೆ.

ಕೇಳದೆ ಉಪಕಾರ ಮಾಡುವುದೂ ಅನ್ಯಾಯವೇ. ಅನ್ಯಾಯಗಳ ನನ್ನ ಪಟ್ಟಿಯಲ್ಲಿ ಅದು ಇರಲಿಲ್ಲ. ಈಗ ಮೊದಲಿಗೆ ಬರೆದುಕೊಳ್ಳಬೇಕಾಯಿತು.

ಮಸೀದಿಯ ಹಿರಿಯರು, ಆ ಅಂಗಡಿಕಾರರು ಮತ್ತು ನಾನು ಸಾಹುಕಾರರ ಮನೆಗೆ ಹೋದೆವು. ಅವರು ನನ್ನ ಎರಡು ಪುಟಗಳನ್ನೇ ಎತ್ತಿ ಹಿಡಿದು, ನಿಮ್ಮ ತತ್ವವನ್ನೇ ಪಾಲಿಸಿದ್ದೇನೆ ಎಂದರು. ಎರಡು ತಾಸು ಕಳೆಯಿತು. ಕಡೆಗೆ ಅಂಗಡಿಕಾರರು, ಮುಂದಿನ ಸುಗ್ಗಿಗೆ ತಮ್ಮ ಬೀಗರ ಹತ್ತಿ ಬೇರೆ ಗಿರಣಿಗೂ ಹೋಗಬಹುದು ಎಂದು ತಣ್ಣಗೆ ಹೇಳಿದರು. ಸಾಹುಕಾರರಿಗೆ ಕೂಡಲೇ ತಂದೆಯ ವಾಡಿಕೆ ನೆನಪಾಯಿತು. ಕೋಣೆ ಉಳಿಯಿತು.

ಅಂದು ಸಂಜೆ ಭೋಂಗಾ ಕೂಗಿದಾಗ ಬಂಗಲೆಯ ತಗಡೆಲ್ಲ ನಡುಗಿ ಸಾರಿನೊಳಗೆ ಇನ್ನಷ್ಟು ಎಳೆ ಬಿತ್ತು. ಆದರೆ ಉರಿಬಿಸಿಲಿನ ಆ ದುಡಿಮೆ ತಪ್ಪೇ ಹೌದು. ಆ ಮಾತನ್ನು ಬಿಟ್ಟುಕೊಡಲು ನಾನು ಸಿದ್ಧನಿರಲಿಲ್ಲ. ಈ ಸಲ ಮುದುಕರ ಬಳಿ ಹೋಗಿ, ಏನು ಬರೆಯಲಿ ಎಂದು ಕೇಳಿದೆ.

"ಬಾಯ್ಲರ್ ಮುಂದ ಒಂದು ಚಪ್ಪರಾ ಹಾಕಸ್ರಿ ಅಂತ ಬರೀರಿ. ಅಷ್ಟ ಸಾಕು. ಮತ್ತ ಎರಡ್ ಪುಟ ಮಾಡಬ್ಯಾಡ್ರಿ."

ಒಂದೇ ಸಾಲು ಬರೆದು ಕಳಿಸಿದೆ. ನಾವು ಊರು ಬಿಡುವವರೆಗೂ ಅದಕ್ಕೆ ಉತ್ತರ ಬರಲಿಲ್ಲ. ಬಾವಿಯ ರಾಟೆಗೂ ಬರಲಿಲ್ಲ. ಕಡೆಯ ಎರಡು ದಿನ ನಾನೂ ಮುದುಕರೂ ಲಿಂಬೆ ತೋಟದವರನ್ನು ಕೇಳಿ ನಾಲ್ಕು ಬಿದಿರಿನ ಗಳ, ಒಂದು ಹೊರೆ ಒಣಗಿದ ಕಬ್ಬಿನ ಸೋಗೆ ತಂದು ಚಪ್ಪರ ಹಾಕಿದೆವು. ಹಾಗೆ ಮುಗಿಯಿತು ನನ್ನ ವಿಶ್ರಾಂತಿ.