ರಿ ಸೇರಿಸಿದ ಸ್ಪ್ಯಾನಿಷ್

ನಮ್ಮವರು ತೀರಿಕೊಂಡಾಗ ಅವರ ಜೊತೆಗೆ ಒಂದು ಭಾಷೆಯೂ ಹೋಯಿತು. ಅದನ್ನು ಆಡುತ್ತಿದ್ದವರು ಲೋಕದಲ್ಲಿ ಇಬ್ಬರೇ, ಅವರು ಮತ್ತು ನಾನು. ಈಗ ನಾನೊಬ್ಬಳೇ ಆಡಿದರೆ ಜನ ಅದನ್ನು ಭಾಷೆ ಅನ್ನುವುದಿಲ್ಲ, ಹುಚ್ಚು ಅನ್ನುತ್ತಾರೆ.

ಅವರು ಮಡಕಶಿರದ ಕಡೆಯವರು, ನಾನು ರಾಯದುರ್ಗದವಳು. ಮದುವೆಯಾದ ಮೇಲೆ ರಾಯದುರ್ಗದಲ್ಲೇ ಮನೆ ಮಾಡಿದ್ದೆವು. ನಾನು ಮನೆಯಲ್ಲೇ ಮಿಷನ್ ಇಟ್ಟುಕೊಂಡು ಜೀನ್ಸ್ ಪ್ಯಾಂಟುಗಳಿಗೆ ಜಿಪ್ ಕೂಡಿಸುತ್ತಿದ್ದೆ. ಅವರು ಒಂದು ಸೇವಾಸಂಸ್ಥೆಯಲ್ಲಿ ದುಭಾಷಿ. ಸ್ಪೇನಿನಿಂದ ಬರುವ ಅತಿಥಿಗಳನ್ನು ಜೀಪಿನಲ್ಲಿ ಹಳ್ಳಿಹಳ್ಳಿಗೆ ಕರೆದುಕೊಂಡು ಹೋಗಿ ಅವರ ಮಾತನ್ನು ಕನ್ನಡಕ್ಕೋ ತೆಲುಗಿಗೋ ತಿರುಗಿಸಬೇಕು. ದಿನವಿಡೀ ಬೇರೆಯವರ ಮಾತು ಆಡಿ ದಣಿದು ಬಂದ ಮನುಷ್ಯ ಮನೆಯಲ್ಲಾದರೂ ಬಾಯಿ ಮುಚ್ಚಿಕೊಂಡಿರಬೇಕಲ್ಲ? ಇವರಿಗೆ ಅದು ಗೊತ್ತೇ ಇರಲಿಲ್ಲ. ಒಂದು ಸಂಜೆ ಮಿಷನ್ ಪಕ್ಕ ಬಂದು ಕೂತರು.

“ಇನ್ನು ಐನೂರು ವರ್ಷಕ್ಕೆ ಆ ಜನ ನಮ್ ಕಡೀಕೇ ಬಂದು ನೆಲೆ ಆಗ್ತಾರೆ ಅಂತಿಟ್ಕ. ಹತ್ತು ತಲೆಮಾರು ರಾಗಿಮುದ್ದೆ ಉಂಡ್ಮೇಲೆ ಅವರ ಮಾತು ಹೆಂಗಾಗಿರ್ತೈತೆ ಹೇಳು?”

“ಯಾಕ್ರಿ, ಅವರಿಗೆ ಬ್ಯಾರೆ ಊರು ಸಿಗಲಿಲ್ಲೇನ್ರಿ?” ಅಂದೆ.

ಅವತ್ತಿನಿಂದ ಮುಂದಿನ ಕಾಲದ ಸ್ಪ್ಯಾನಿಷ್ ನಮ್ಮ ಮನೆಯಲ್ಲಿ ಬೆಳೆಯತೊಡಗಿತು. ಮೊದಲು ಕ್ರಿಯಾಪದವನ್ನು ಎಳೆದು ತಂದು ವಾಕ್ಯದ ಕೊನೆಗೆ ಕೂರಿಸಿದರು. ಆಮೇಲೆ ವ್ಯಂಜನದಲ್ಲಿ ಮುಗಿಯುವ ಪದಗಳಿಗೆಲ್ಲ ಬಾಲ ಬಂತು. ರೊಟ್ಟಿಗೆ ಅವರು ‘ಪಾನ್’ ಅನ್ನುತ್ತಾರಂತೆ, ನಮ್ಮಲ್ಲಿ ‘ಪಾನು’. ನೀರು, ಅಂದರೆ ‘ಆಗ್ವ’, ಸವೆದು ‘ಆವ’ ಆಯಿತು. ಮನೆ ‘ಕಾಸ’, ಮನೆಗೆ ‘ಕಾಸಕ್ಕೆ’. ಊಟಗೀಟ ಅನ್ನದೆ ನಮ್ಮ ನೆಲದಲ್ಲಿ ಯಾರೂ ಬದುಕಲಾರರು ಎಂದು ವಾದಿಸಿ ‘ಪಾನುಗೀನು’ ಮಾಡಿದರು. ಒಂದು ಅಕ್ಷರ ಸವೆದು ಹೋದಾಗಲೆಲ್ಲ, ನನ್ನ ಮಿಷನ್ ಮೇಲಿನ ದಾರದ ತುಂಡನ್ನು ಬೆರಳಿನಿಂದ ಚಿಮ್ಮಿ “ಬಿತ್ತು!” ಅನ್ನುತ್ತಿದ್ದರು. ಬೈದುಕೊಂಡೇ ನಾನು ಕಲಿತೆ. ಅಡುಗೆಮನೆಯಿಂದ “ಪಾನುಗೀನು ಕೇರೆ?” ಎಂದು ಕೇಳಿದರೆ, ರೊಟ್ಟಿಗಿಟ್ಟಿ ಬೇಕೇ ಎಂದು ಕೇಳಿದ ಹಾಗೆ.

ಒಮ್ಮೆ ಅತಿಥಿಗಳಲ್ಲಿ ವಯಸ್ಸಾದ ಒಂದು ಜೋಡಿ ನಮ್ಮ ಮನೆಗೆ ಊಟಕ್ಕೆ ಬಂದಿತ್ತು. ಆಕೆ ಗಂಡನನ್ನು ಹೆಸರು ಹಿಡಿದು ಕರೆದಳು. ಸಾರು ಬಡಿಸುತ್ತಿದ್ದ ನನ್ನ ಕೈ ನಿಂತುಬಿಟ್ಟಿತು. ಗಂಡನ ಹೆಸರು ಹೆಂಡತಿಯ ಬಾಯಲ್ಲಿ ಬಂದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಕೇಳಿ ಬೆಳೆದವಳು ನಾನು. ಅತಿಥಿಗಳು ಹೋದ ಮೇಲೆ ಇವರದು ಹೊಸ ಕಾನೂನು. ನಮ್ಮ ಭಾಷೆಯಲ್ಲಿ ಹೆಂಡತಿ ಗಂಡನನ್ನು ಹೆಸರಿನಿಂದಲೇ ಕರೆಯಬೇಕು.

“ಕನ್ನಡದಾಗೆ ಬ್ಯಾಡ ಬಿಡು. ಆಯಸ್ಸು ಕಮ್ಮಿ ಆಗಾದು ಕನ್ನಡದಾಗೆ ಕರೆದ್ರೆ ತಾನೆ? ಯಮನಿಗೆ ಈ ಭಾಷೆ ಬರಲ್ಲ ಕಣೆ.”

ಎಷ್ಟೋ ದಿನ ಆಗಲಿಲ್ಲ. ಕೊನೆಗೊಂದು ಮಧ್ಯಾಹ್ನ ಮಾಳಿಗೆಯ ಮೇಲೆ ಬಟ್ಟೆ ಹರವುತ್ತಿದ್ದಾಗ ಕರೆದೆ. ಬರೀ ಹೆಸರು ಬಾಯಿಗೆ ಬರಲೇ ಇಲ್ಲ, ಕೊನೆಗೊಂದು ‘ರಿ’ ಸೇರಿಯೇ ಬಂತು. ಕೆಳಗೆ ಕೂತಿದ್ದವರು ಕೇಳಿಸದವರ ಹಾಗೆ ಸುಮ್ಮನಿದ್ದರು. ಇನ್ನೊಂದು ಸಲ ಕರೆದೆ. ಆಗ ನಗುತ್ತಾ ಮೇಲೆ ಬಂದರು. “ನಮ್ಮ ಭಾಷೆಗೆ ರಿ ಬಂದಿದ್ದು ಇವತ್ತು,” ಅಂದರು. ಆಮೇಲೆ ಪ್ರತಿಸಲವೂ ಅದೇ ಆಟ. ಎರಡನೆಯ ಸಲ ಕರೆಯುವ ತನಕ ಅವರಿಗೆ ಕಿವಿ ಕೇಳುತ್ತಲೇ ಇರಲಿಲ್ಲ. ನನಗೆ ರೇಗುತ್ತಿತ್ತು, ಆದರೂ ಕರೆಯುತ್ತಿದ್ದೆ. ಅಷ್ಟು ಸುಖವಾಗಿದ್ದೆ.

ಆಮೇಲೆ ಅವರ ಗಂಟಲು ಕಟ್ಟಿತು. ಜೀಪಿನ ಧೂಳು ಅಂದುಕೊಂಡೆವು, ಕಷಾಯ ಕುಡಿಸಿದೆ. ದೊಡ್ಡ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ, ಕ್ಯಾನ್ಸರ್, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಅಂದರು. ಆಪರೇಷನ್ನಿಗೆ ಒಳಗೆ ಹೋಗುವ ಮುಂಚೆ, ಉಳಿದಿದ್ದ ಒಡಕು ದನಿಯಲ್ಲಿ ನನಗೆ ಹೇಳಿದರು: “ಮುಂದ್ಲ ಶತಮಾನದಾಗೆ ನಮ್ಮ ಭಾಷೇಲಿ ಗ, ಜ, ದ, ಬ ಇರಲ್ಲ ಕಣೆ. ಅವಕ್ಕೆ ಗಂಟಲ ದನಿ ಬೇಕು. ಕ, ಚ, ತ, ಪ ಅಷ್ಟೇ ಉಳೀತವೆ.” ಹೊದಿಕೆಯ ಮೇಲೆ ಇಲ್ಲದ ದಾರವನ್ನು ಬೆರಳಿನಿಂದ ಚಿಮ್ಮಿದರು. ನಾನು ನಗಬೇಕಿತ್ತು, ಅದಕ್ಕೇ ಹೇಳಿದ್ದು. ನಗಲಾಗಲಿಲ್ಲ.

ವಾಸಿಯಾಗಲೆಂದು ಮಡಕಶಿರದ ಕಡೆ ಅತ್ತೆಯ ಊರಿಗೆ ಹೋದೆವು. ಅತ್ತೆ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುತ್ತಾರೆ. ಹುಳುಮನೆಯಲ್ಲಿ ಸೊಪ್ಪು ಹಾಕುತ್ತಾ, ನಮ್ಮವರ ತುಟಿ ನೋಡಿ ಮಾತು ಹಿಡಿಯಲು ಕಲಿತೆ. ದನಿಯಿಲ್ಲ, ಬಾಯೊಳಗೇ ಹುಟ್ಟುವ ಸಣ್ಣ ಟಪ್ಪು, ಚಪ್ಪು. ಇವರೊಬ್ಬರೇ ಹಾಗೆ ಆಡಬಾರದೆಂದು ನಾನೂ ದನಿಯಿಲ್ಲದೆ ಆಡತೊಡಗಿದೆ. “ಏನ್ ಪಿಸುಗುಟ್ಕಂತೀರೋ, ನಂಗೊಂದೂ ಗೊತ್ತಾಗಲ್ಲ,” ಎಂದು ಅತ್ತೆ ಗೊಣಗುತ್ತಿದ್ದರು. ಆದರೆ ಅಲ್ಲಿಂದ ಏಳುತ್ತಿರಲಿಲ್ಲ.

ಅಷ್ಟರಲ್ಲಿ ನನ್ನ ಒಳಗೆ ಒಂದು ಭಯ ಬೇರು ಬಿಟ್ಟಿತ್ತು. ಕರೆದವಳು ನಾನು. ಅದೂ ಒಂದು ಸಲಕ್ಕೆ ಎರಡೆರಡು ಬಾರಿ. ಯಮನಿಗೆ ಆ ಭಾಷೆ ಬರುವುದಿಲ್ಲ ಎಂದು ಯಾರು ಕಂಡಿದ್ದರು? ನಾನು ಹೆಸರು ಹೇಳುವುದನ್ನೇ ನಿಲ್ಲಿಸಿದೆ. ಇನ್ನಾದರೂ ಹೇಳದಿದ್ದರೆ ಉಳಿಯುತ್ತಾರೆ ಅಂದುಕೊಂಡೆ. ಇದನ್ನು ಓದಿ ನಗುವವರು ನಗಲಿ, ತಮ್ಮ ಮನೆಯಲ್ಲಿ ಹೀಗಾದಾಗ ಅವರೇನು ಮಾಡುತ್ತಾರೋ ನೋಡೋಣ.

ಹೆಸರು ಕರೆಯೆಂದು ನಮ್ಮವರೇ ಕೇಳಿದರು. ಒಂದು ಬೆಳಿಗ್ಗೆ ಹುಳುಮನೆಯ ಬಾಗಿಲಲ್ಲಿ ಕೂತು, ತಮ್ಮ ಎದೆ ಮುಟ್ಟಿಕೊಂಡು, ‘ಕರಿ’ ಎಂದು ತುಟಿ ಆಡಿಸಿದರು. ನಾನು ತಲೆ ಅಲ್ಲಾಡಿಸಿದೆ. ಮತ್ತೆ ಕೇಳಿದರು. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಆಗ ಅವರಿಗೆ ತಿಳಿಯಿತು, ನನ್ನ ಭಯ ಯಾವುದೆಂದು. ಆಮೇಲೆ ಮಂಡಿಯ ಮೇಲಿದ್ದ ಸೊಪ್ಪಿನ ಚೂರನ್ನು ಬೆರಳಿನಿಂದ ಚಿಮ್ಮಿದರು. ಆ ಕಾನೂನು ಬಿತ್ತು, ಕರೆಯುವುದು ಬೇಡ. ಮತ್ತೆಂದೂ ಕೇಳಲಿಲ್ಲ. ಆ ಬೆಳೆಯ ಹುಳು ಗೂಡು ಕಟ್ಟುವ ಮುಂಚೆಯೇ ಹೋದರು.

ತಿಥಿ ಕಳೆದ ಮೇಲೆ ಮತ್ತೆ ಸೊಪ್ಪು ಹಾಕುವ ಕೆಲಸ ಇದ್ದೇ ಇತ್ತು. ಕೈ ಆಡುತ್ತಿರುವಾಗಲೇ ನಾನು ಅತ್ತೆಗೆ ಎಲ್ಲ ಹೇಳಿದೆ. ಭಾಷೆ, ಹೆಸರು, ಕೊನೆಗೆ ನಾನು ಕರೆಯದೆ ಹೋದದ್ದು. ಅವರು ಬೈಯುತ್ತಾರೆ ಅಂದುಕೊಂಡಿದ್ದೆ. ಹೆತ್ತವರು, ಆ ಹೆಸರು ಇಟ್ಟವರು. ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಟ್ಟರು.

“ಇನ್ನೇನ್ ಆಯಸ್ಸು ಐತಮ್ಮ ಕಮ್ಮಿ ಆಗಾಕೆ? ಕೂಗು. ನಾನೂ ಕೇಳ್ತೀನಿ.”

ಹುಳುಗಳು ಸೊಪ್ಪು ಮೇಯುವ ಸದ್ದು ಸೋನೆಮಳೆಯ ಹಾಗೆ ತುಂಬಿಕೊಂಡಿತ್ತು. ನಾನು ದನಿ ಎತ್ತಿ, ಕೊನೆಗೆ ರಿ ಸೇರಿಸಿ ಅವರ ಹೆಸರು ಕೂಗಿದೆ.

ನಮ್ಮವರು ಕೇಳಿಸದವರ ಹಾಗೆ ಸುಮ್ಮನಿದ್ದರು.

ಇನ್ನೊಂದು ಸಲ ಕೂಗಿದೆ.